ಎರಡು ಕನ್ನಡಿಯ ಕಿತಾಪತಿ!

ತೆರೆಯ ಹಿಂದಿನ ಹರಟೆ — ವಾರದ ಅಂಕಣ



ಈ ವಾರದ ಕಾಗದದ ಕಟ್ಟು ಬಿಚ್ಚಿದರೆ ಮೇಲುಗಡೆಯೇ ಚಿತ್ರದುರ್ಗದ ಓದುಗ ತಮ್ಮನೊಬ್ಬನ ಪತ್ರ. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ, ತಾರೆಯರ ವಿಳಾಸ ಕೊಡಿ ಎಂಬ ಕಾಟವೂ ಇಲ್ಲ. ನೇರ ಪ್ರಶ್ನೆ!

"ಅಣ್ಣಾ, ಬ್ರೂಸ್ ಲೀಯ 'ಎಂಟರ್ ದಿ ಡ್ರ್ಯಾಗನ್' ನೋಡಿದೆ. ಕೊನೆಗೆ ಕನ್ನಡಿ ಕೋಣೆಯ ಫೈಟ್ ಇದೆಯಲ್ಲ, ಅದರಲ್ಲಿ ಎತ್ತ ನೋಡಿದರೂ ಕನ್ನಡಿ. ಒಬ್ಬ ವಿಲನ್ ಹತ್ತು ಜನ ಆಗ್ತಾನೆ. ಹಾಗಾದರೆ ಕ್ಯಾಮೆರಾ ಯಾಕೆ ಕಾಣಲ್ಲ? ಒಟ್ಟು ಎಷ್ಟು ಕನ್ನಡಿ ಹಾಕಿರಬಹುದು?"

ಭಲೇ ತಮ್ಮಾ! ಫೈಟ್ ನೋಡುತ್ತಾ ಸೀಟಿ ಹೊಡೆಯುವವರು ಸಾವಿರ ಮಂದಿ. ಸೀಟಿ ನಿಲ್ಲಿಸಿ, "ಕ್ಯಾಮೆರಾ ಎಲ್ಲಿಟ್ಟರು?" ಎಂದು ಕೇಳುವವನು ಒಬ್ಬ. ಆ ಒಬ್ಬನಿಗಾಗಿ ಈ ವಾರದ ಪುಟ ಪೂರ್ತಿ ಮೀಸಲು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. "ಎಷ್ಟು ಕನ್ನಡಿ?" ಎಂಬುದು ಆಮೇಲಿನ ಮಾತು. "ಕನ್ನಡಿಗಳ ನಡುವೆ ಎಷ್ಟು ಕೋನ?" ಎಂಬುದೇ ಮುಖ್ಯ. ಒಂದು ಕನ್ನಡಿ ಸಾಧು ಪ್ರಾಣಿ. ಒಬ್ಬರು ನಿಂತರೆ ಒಬ್ಬರನ್ನೇ ತೋರಿಸುತ್ತದೆ. ಆದರೆ ಎರಡು ಕನ್ನಡಿ ಮೂಲೆಗೆ ಮೂಲೆ ಸೇರಿಸಿ ನಿಲ್ಲಿಸಿದಿರೋ... ಶುರು ಅದರ ಕಿತಾಪತಿ!

ಒಂದು ರೂಪಾಯಿ ನಾಲ್ಕಾಯಿತು!

ಎರಡು ಸಣ್ಣ ಚೌಕ ಕನ್ನಡಿ ತನ್ನಿ. ಬಸ್ ಸ್ಟ್ಯಾಂಡಿನಲ್ಲಿ ಬಾಚಣಿಗೆ ಜೊತೆ ಮಾರುತ್ತಾರಲ್ಲ, ಅಂಥದೇ ಸಾಕು. ಎರಡನ್ನೂ ಪುಸ್ತಕ ತೆರೆದಿಟ್ಟ ಹಾಗೆ ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ನಡುವೆ ಒಂದು ರೂಪಾಯಿ ನಾಣ್ಯ ಇಡಿ.

ಪುಸ್ತಕ ಗೋಡೆಯ ಮೂಲೆಯ ಹಾಗೆ, ಅಂದರೆ 90 ಡಿಗ್ರಿ ತೆರೆದಿದ್ದರೆ ಮೂರು ಬಿಂಬ. ಅಸಲಿ ಸೇರಿ ನಾಲ್ಕು ರೂಪಾಯಿ! ಸ್ವಲ್ಪ ಮುಚ್ಚಿ 60 ಡಿಗ್ರಿಗೆ ತನ್ನಿ. ಐದು ಬಿಂಬ, ಒಟ್ಟು ಆರು ರೂಪಾಯಿ. ಇನ್ನೂ ಮುಚ್ಚಿ 45ಕ್ಕೆ ತಂದರೆ ಏಳು ಬಿಂಬ, ಒಟ್ಟು ಎಂಟು. ಕನ್ನಡಿ ಎರಡೇ, ನಾಣ್ಯ ಒಂದೇ. ಬದಲಾದದ್ದು ಕೋನ ಮಾತ್ರ!

ಲೆಕ್ಕ ಸುಲಭ. ಒಂದು ಸುತ್ತಿಗೆ 360 ಡಿಗ್ರಿ. ಅದನ್ನು ಕನ್ನಡಿಗಳ ನಡುವಿನ ಕೋನದಿಂದ ಭಾಗಿಸಿ. ಬಂದದ್ದು ಎರಡು, ನಾಲ್ಕು, ಆರು, ಎಂಟು ಹೀಗೆ ಸಮಸಂಖ್ಯೆಯಾದರೆ ಅದರಲ್ಲಿ ಒಂದನ್ನು ಕಳೆಯಿರಿ. ಅಷ್ಟೇ ಬಿಂಬ. ಬೆಸಸಂಖ್ಯೆ ಬಂದರೆ ಸ್ವಲ್ಪ ತಕರಾರು. ವಸ್ತು ಎರಡೂ ಕನ್ನಡಿಗೆ ಸಮವಾಗಿ ನಟ್ಟನಡುವೆ ಇದ್ದರೆ ಒಂದು ಕಮ್ಮಿ, ಪಕ್ಕಕ್ಕೆ ಸರಿದಿದ್ದರೆ ಪೂರ್ತಿ ಸಂಖ್ಯೆ.

ಇದು ಹೇಗೆ? ಬೆಳಕು ನಾಣ್ಯದಿಂದ ಹೊರಟು ಮೊದಲ ಕನ್ನಡಿಗೆ ಬಡಿಯುತ್ತದೆ. ಬಡಿದ ಕೋನದಲ್ಲೇ ಆ ಕಡೆಗೆ ಪುಟಿಯುತ್ತದೆ, ಕೇರಂ ಬೋರ್ಡಿನ ಸ್ಟ್ರೈಕರ್ ಪಟ್ಟಿಗೆ ಬಡಿದು ಬರುತ್ತದಲ್ಲ, ಹಾಗೆ. ಪುಟಿದದ್ದು ಸುಮ್ಮನೆ ಆಚೆ ಹೋಗುವುದಿಲ್ಲ. ಎದುರಿಗೆ ಎರಡನೇ ಕನ್ನಡಿ ಕಾದು ಕೂತಿದೆ! ಅದಕ್ಕೆ ಬಡಿದು ಮತ್ತೆ ಪುಟಿಯುತ್ತದೆ. ಮೊದಲ ಕನ್ನಡಿಯೊಳಗಿನ ಬಿಂಬವನ್ನೇ ಎರಡನೇ ಕನ್ನಡಿ ಅಸಲಿ ವಸ್ತು ಎಂದು ನಂಬಿ ಅದಕ್ಕೊಂದು ಬಿಂಬ ಮಾಡುತ್ತದೆ. ಕೋನ ಕಿರಿದಾದಷ್ಟೂ ಬೆಳಕು ಹೊರಗೆ ಬರುವ ಮುನ್ನ ಹೆಚ್ಚು ಸಲ ಪುಟಿಯಬೇಕು, ಬಿಂಬಗಳೂ ಹೆಚ್ಚು. ಆ ಬಿಂಬಗಳೆಲ್ಲ ಅಡ್ಡಾದಿಡ್ಡಿ ನಿಲ್ಲುವುದಿಲ್ಲ ನೋಡಿ. ಎರಡು ಕನ್ನಡಿ ಸೇರುವ ಗೆರೆಯೇ ನಡುಬಿಂದು, ಅದರ ಸುತ್ತ ಒಂದೇ ವೃತ್ತದ ಮೇಲೆ ಎಲ್ಲವೂ ಸಾಲಾಗಿ ಕೂರುತ್ತವೆ. ಮದುವೆ ಮನೆಯ ಪಂಕ್ತಿ ಥರ!

ಜಾತ್ರೆಯಲ್ಲಿ ಬಳೆಚೂರು ತುಂಬಿದ ಕೊಳವೆ ಕೊಂಡು ಕಣ್ಣಿಗಿಟ್ಟು ತಿರುಗಿಸಿದ್ದೀರಲ್ಲ? ಕೆಲಿಡೋಸ್ಕೋಪು! ಅದರ ಹೂವಿನ ಚಿತ್ತಾರಕ್ಕೂ ಇದೇ ಮೂಲ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಎಂಬ ವಿಜ್ಞಾನಿ ಬೆಳಕಿನ ಪ್ರಯೋಗ ಮಾಡುತ್ತಾ 1816ರಲ್ಲಿ ಅದನ್ನು ಕಂಡುಹಿಡಿದ. 1817ರಲ್ಲಿ ಪೇಟೆಂಟೂ ಪಡೆದ. ಎರಡು ಕನ್ನಡಿ, ನಡುವೆ ಸರಿಯಾಗಿ ಅಳೆದ ಕೋನ... ಆಟಿಕೆ ಲೋಕವನ್ನೆಲ್ಲ ಸುತ್ತಿತು.

ಐದು ಮಾರ್ಸೆಲ್‌ಗಳು!

ಸಿನಿಮಾದಲ್ಲಿ ಡಬಲ್ ಆಕ್ಟಿಂಗ್, ತ್ರಿಬಲ್ ಆಕ್ಟಿಂಗ್ ನಮಗೆ ಹೊಸದಲ್ಲ. 1978ರ 'ಶಂಕರ್ ಗುರು'ವಿನಲ್ಲಿ ಅಣ್ಣಾವ್ರು ಮೂರು ಪಾತ್ರದಲ್ಲಿ ಬಂದಾಗ ಥಿಯೇಟರ್ ಹಾರಿಹೋಗಲಿಲ್ಲವೇ! ಆದರೆ ಫಿಲ್ಮ್ ಕಾಲದ ಅಂಥ ಪಾತ್ರಗಳು ಕನ್ನಡಿಯ ಆಟವಲ್ಲ. ಲೆನ್ಸಿನ ಒಂದು ಭಾಗ ಮುಚ್ಚಿ ಚಿತ್ರೀಕರಿಸುವುದು, ಅದೇ ಫಿಲ್ಮನ್ನು ಹಿಂದಕ್ಕೆ ಸುತ್ತಿ ಇನ್ನೊಂದು ಭಾಗ ಮುಚ್ಚಿ ಮತ್ತೆ ಚಿತ್ರೀಕರಿಸುವುದು, ಇಲ್ಲವೇ ಬೆನ್ನು ತೋರಿಸಲು ಇನ್ನೊಬ್ಬರನ್ನು ನಿಲ್ಲಿಸುವುದು. ಆ ವಿದ್ಯೆ ಬೇರೆ.

ಕನ್ನಡಿಯಲ್ಲೇ ಒಬ್ಬನನ್ನು ಐವರನ್ನಾಗಿ ಮಾಡುವ ಫೋಟೋ ಸ್ಟುಡಿಯೋಗಳು ಅಮೆರಿಕದಲ್ಲಿ ಬಹಳ ಹಿಂದೆಯೇ ಇದ್ದವು. ಎರಡು ದೊಡ್ಡ ಕನ್ನಡಿಗಳನ್ನು 72 ಡಿಗ್ರಿಗೆ ನಿಲ್ಲಿಸುವುದು. ಗಿರಾಕಿ ಕ್ಯಾಮೆರಾಕ್ಕೆ ಬೆನ್ನು ಹಾಕಿ ನಟ್ಟನಡುವೆ ಕೂರುವುದು. 360ನ್ನು 72ರಿಂದ ಭಾಗಿಸಿದರೆ 5. ಬೆಸಸಂಖ್ಯೆ ಬಂತು, ಆಸಾಮಿ ನಡುವೆ ಕೂತಿದ್ದಾನೆ, ಹಾಗಾಗಿ ಬಿಂಬ ನಾಲ್ಕು. ಅಸಲಿ ಸೇರಿ ಐವರು ಒಂದೇ ಮೇಜಿನ ಸುತ್ತ ಕೂತು ಮಾತಾಡುತ್ತಿರುವ ಹಾಗೆ ಫೋಟೋ! ಮಾರ್ಸೆಲ್ ದುಶಾಂ ಎಂಬ ಹೆಸರಾಂತ ಫ್ರೆಂಚ್ ಕಲಾವಿದ 1917ರಲ್ಲಿ ನ್ಯೂಯಾರ್ಕಿನಲ್ಲಿ ಇಂಥದೊಂದು ಫೋಟೋ ತೆಗೆಸಿಕೊಂಡ. ಅದು ಇವತ್ತಿಗೂ ಕಲಾ ಪುಸ್ತಕಗಳಲ್ಲಿ ಅಚ್ಚಾಗುತ್ತದೆ.

ಈಗ ಬ್ರೂಸ್ ಲೀ ಕಡೆ ಬನ್ನಿ. ಆ ಚಿತ್ರ 1973ರಲ್ಲಿ ತೆರೆಗೆ ಬರುವ ಮೊದಲೇ, ಅದೇ ವರ್ಷದ ಜುಲೈ 20ರಂದು, ಪಾಪ, ಬ್ರೂಸ್ ಲೀ ಕಣ್ಣು ಮುಚ್ಚಿದ್ದ. ವಯಸ್ಸು ಬರೀ 32. ಕನ್ನಡಿ ಕೋಣೆಯಲ್ಲಿ ವಿಲನ್ ಹಾನ್ ನಾಲ್ಕು ದಿಕ್ಕಿನಲ್ಲೂ ಕಾಣುತ್ತಾನೆ. ಹೊಡೆದರೆ ಗಾಜಿಗೆ ಏಟು. ಆಗ ಲೀ ಏನು ಮಾಡುತ್ತಾನೆ? ವಿಲನ್ನನ್ನು ಹುಡುಕುವುದು ಬಿಟ್ಟು ಕನ್ನಡಿ ಒಡೆಯಲು ಶುರು ಮಾಡುತ್ತಾನೆ! ಕಥೆಗೆ ಅದು ವೇದಾಂತ ಇರಬಹುದು, ಲೆಕ್ಕಕ್ಕೂ ಅದು ಪಕ್ಕಾ. ನಮ್ಮ ಮೇಜಿನ ಮೇಲಿನ 60 ಡಿಗ್ರಿ ಜೋಡಿಯಲ್ಲಿ ಐದು ಬಿಂಬ ಇದ್ದವಲ್ಲ? ಒಂದು ಕನ್ನಡಿ ತೆಗೆದುಬಿಡಿ. ಉಳಿಯುವುದು ಒಂದೇ ಬಿಂಬ. ನಾಲ್ಕು ಒಂದೇ ಏಟಿಗೆ ಮಾಯ! ಜೋಡಿ ಮುರಿದರೆ ಮಾಯೆ ಮುರಿಯಿತು.

ಈ ಕನ್ನಡಿ ಕೋಣೆಯ ಆಟ ಲೀಗಿಂತ ಹಳೆಯದು. ಚಾಪ್ಲಿನ್ ಮಹಾಶಯ 1928ರ 'ದಿ ಸರ್ಕಸ್' ಚಿತ್ರದಲ್ಲಿ ಪೊಲೀಸಪ್ಪನಿಂದ ತಪ್ಪಿಸಿಕೊಳ್ಳಲು ಕನ್ನಡಿ ಚಕ್ರವ್ಯೂಹಕ್ಕೆ ನುಗ್ಗಿ ನಗಿಸಿದ. ಆರ್ಸನ್ ವೆಲ್ಸ್ 1947ರ 'ದಿ ಲೇಡಿ ಫ್ರಮ್ ಶಾಂಘೈ' ಚಿತ್ರದ ಕೊನೆಯಲ್ಲಿ ಅಂಥದೇ ಕೋಣೆಯಲ್ಲಿ ಗುಂಡು ಹಾರಿಸಿ ನಡುಗಿಸಿದ. ನಾಯಕಿ ರೀಟಾ ಹೇವರ್ತ್. ಒಬ್ಬನಿಂದ ನಗು, ಇನ್ನೊಬ್ಬನಿಂದ ನಡುಕ. ಕನ್ನಡಿ ಮಾತ್ರ ಅದೇ!

ಕ್ಯಾಮೆರಾ ಎಲ್ಲಿ ಸ್ವಾಮಿ?

ಇನ್ನು ತಮ್ಮನ ಮುಖ್ಯ ಪ್ರಶ್ನೆ. ಇದಕ್ಕೆ ಒಂದೇ ಸೂತ್ರ: ನಿಮಗೆ ಕನ್ನಡಿಯಲ್ಲಿ ಯಾರ ಕಣ್ಣು ಕಾಣುತ್ತದೋ ಅವರಿಗೂ ನಿಮ್ಮ ಕಣ್ಣು ಕಾಣುತ್ತದೆ. ಬೆಳಕು ಹೋದ ದಾರಿಯಲ್ಲೇ ವಾಪಸು ಬರಬಲ್ಲದು.

ಈ ಸೂತ್ರದಲ್ಲಿ ಒಂದು ಗುಟ್ಟೂ ಅಡಗಿದೆ. ನಾಯಕಿ ಕನ್ನಡಿ ಮುಂದೆ ಕೂತು ಕುಂಕುಮ ಇಟ್ಟುಕೊಳ್ಳುತ್ತಾಳೆ. ಕನ್ನಡಿಯಲ್ಲಿ ಅವಳ ಮುಖ ನಮಗೆ ಚೆನ್ನಾಗಿ ಕಾಣುತ್ತದೆ, ಕಣ್ಣು ನೇರ ನಮ್ಮ ಕಡೆಗೇ ಇದೆ. "ಆಹಾ, ತನ್ನ ಚೆಲುವನ್ನು ತಾನೇ ನೋಡಿ ನಾಚಿಕೊಂಡಳು" ಎಂದುಕೊಳ್ಳುತ್ತೇವೆ. ಸುಳ್ಳು! ಆ ಹೊತ್ತಿನಲ್ಲಿ ಅವಳಿಗೆ ಕನ್ನಡಿಯಲ್ಲಿ ಕಾಣುತ್ತಿರುವುದು ಅವಳ ಮುಖವಲ್ಲ, ಕ್ಯಾಮೆರಾದ ಲೆನ್ಸು. ಲೆನ್ಸ್ ನೋಡಿ ನಾಚಬೇಕು, ಅದೂ ನಾವು ನಂಬುವ ಹಾಗೆ. ನಟನೆ ಅಂದರೆ ಸುಮ್ಮನೆ ಅಲ್ಲ ಕಣ್ರೀ!

ಒಂದು ಕನ್ನಡಿಯಾದರೆ ಕ್ಯಾಮೆರಾಮನ್ ಪಕ್ಕಕ್ಕೆ ಎರಡು ಹೆಜ್ಜೆ ಸರಿದು ಪಾರಾಗುತ್ತಾನೆ. ಎರಡು ಕನ್ನಡಿ 90 ಡಿಗ್ರಿಯಲ್ಲಿ ಸೇರಿದ್ದರೆ? ಅವನಿಗೆ ಶನಿ ಹಿಡಿದ ಹಾಗೆ! ಎಡಕ್ಕೆ ಹೋಗಲಿ, ಬಲಕ್ಕೆ ಹೋಗಲಿ, ಆ ಮೂಲೆಯ ಗೆರೆಯ ಮೇಲೆ ಕ್ಯಾಮೆರಾ ಕೂತೇ ಇರುತ್ತದೆ. ಯಾಕೆಂದರೆ ಎರಡು ಕನ್ನಡಿಗೂ ಬಡಿದು ಬಂದ ಕಿರಣ ಅವುಗಳ ನಡುವಿನ ಕೋನದ ಎರಡರಷ್ಟು ತಿರುಗುತ್ತದೆ. ಕೋನ 45 ಆದರೆ ತಿರುವು 90. ಕೋನ 90 ಆದರೆ ತಿರುವು 180, ಅಂದರೆ ಬಂದ ದಿಕ್ಕಿಗೇ ವಾಪಸು! ಕಿರಣ ಎಷ್ಟೇ ಓರೆಯಾಗಿ ಬಂದರೂ ಈ ಲೆಕ್ಕ ತಪ್ಪದು.

ಹಾಗಾಗಿ ಇಂಥ ಸೆಟ್ಟಿನಲ್ಲಿ ಕೋನ ನೋಡಿ ನೋಡಿ ಕನ್ನಡಿ ನಿಲ್ಲಿಸಬೇಕು. ಕೂರಲು ಜಾಗವೇ ಇಲ್ಲ ಅಂದಾಗ ಕ್ಯಾಮೆರಾವನ್ನೂ ಕನ್ನಡಿ ಗೋಡೆಯ ಹಿಂದೆ ಅಡಗಿಸಿ ಸಣ್ಣ ಕಂಡಿಯಿಂದ ನೋಡಬೇಕು. ಇನ್ನೊಂದು ಉಪಾಯ, ಬೆಳ್ಳಿಲೇಪ ತೆಳುವಾಗಿರುವ ಅರೆ ಕನ್ನಡಿ. ಮುಂದೆ ಬೆಳಕು, ಹಿಂದೆ ಕತ್ತಲು ಇದ್ದರೆ ನಟನಿಗೆ ಅದು ಕನ್ನಡಿ, ಹಿಂದೆ ಕೂತ ಕ್ಯಾಮೆರಾಕ್ಕೆ ಅದು ಕಿಟಕಿ! ತಮ್ಮಾ, ಕ್ಯಾಮೆರಾ ಕಾಣದಿದ್ದದ್ದು ಅದೃಷ್ಟವಲ್ಲ. ಯಾರೋ ಒಬ್ಬರು ಒಂದೊಂದು ಕನ್ನಡಿಯನ್ನೂ ಅಳೆದು ನಿಲ್ಲಿಸಿದ್ದಾರೆ.

ಇದೇ "ಬಂದ ದಾರಿಗೆ ವಾಪಸು" ಗುಣಕ್ಕೆ ಇನ್ನೊಂದು ಕನ್ನಡಿಯನ್ನು ನೆಲಕ್ಕೆ ಸೇರಿಸಿ, ಪೆಟ್ಟಿಗೆಯ ಮೂಲೆಯ ಹಾಗೆ ಮಾಡಿದರೆ, ಮೇಲಿಂದ ಕೆಳಗಿಂದ ಎಲ್ಲಿಂದ ಬಂದ ಬೆಳಕೂ ಬಂದ ಕಡೆಗೇ ಹೋಗುತ್ತದೆ. ನಿಮ್ಮ ಸೈಕಲ್ ಹಿಂದಿನ ಕೆಂಪು ರಿಫ್ಲೆಕ್ಟರ್ ಹತ್ತಿರದಿಂದ ನೋಡಿ. ಒಳಗೆ ತುಂಬ ಇಂಥ ಪುಟ್ಟ ಪುಟ್ಟ ಮೂಲೆಗಳೇ! ಲಾರಿಯ ದೀಪ ಬಿದ್ದರೆ ಆ ಬೆಳಕನ್ನು ಲಾರಿ ಡ್ರೈವರನ ಕಡೆಗೇ ತಿರುಗಿಸಿ ನಿಮ್ಮ ಜೀವ ಕಾಯುತ್ತದೆ. 1969ರಲ್ಲಿ ಅಪೋಲೋ 11ರ ಗಗನಯಾತ್ರಿಗಳು ಇಂಥ ನೂರು ಮೂಲೆಗಳ ಫಲಕವನ್ನು ಚಂದ್ರನ ಮೇಲೆ ಇಟ್ಟು ಬಂದರು. ನಮ್ಮ ಚಂದ್ರಯಾನ-3ರ ವಿಕ್ರಂ 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದಾಗ ಅದರ ಬೆನ್ನ ಮೇಲೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ಇತ್ತು, ನಾಸಾದವರು ಕೊಟ್ಟದ್ದು. ಅದೇ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿರುವ ಅಮೆರಿಕದ ನೌಕೆಯೊಂದು ಲೇಸರ್ ಬಿಟ್ಟಿತು. ಬೆಳಕು ಬಂದ ದಾರಿಗೇ ಮರಳಿತು!

ನಿಮ್ಮ ಬೈತಲೆ ಯಾವ ಕಡೆ?

ಚಂದ್ರನಿಂದ ಈಗ ಸಲೂನಿಗೆ ಇಳಿಯೋಣ. ಅಭಿಮಾನಿ ಮಿತ್ರರೇ, ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೀರೋ ಕ್ರಾಪು ನೋಡಿ ಕ್ರಾಪು ಬಿಡಿಸುತ್ತೀರಲ್ಲ, ಬೈತಲೆ ಸರಿಯಾದ ಕಡೆಗಿದೆಯೇ?

ಪೋಸ್ಟರಿನಲ್ಲಿ ನಿಮ್ಮ ಹೀರೋ ನಿಮ್ಮನ್ನೇ ನೋಡುತ್ತಿದ್ದಾನೆ. ಅವನ ಬೈತಲೆ ಅವನ ಎಡಗಡೆ. ನಿಮಗೆ ಅದು ಪೋಸ್ಟರಿನ ಬಲಗಡೆ ಕಾಣುತ್ತದೆ. ನೀವು ಕನ್ನಡಿ ಮುಂದೆ ನಿಂತು, ಕನ್ನಡಿಯಲ್ಲೂ ಬಲಗಡೆಗೇ ಬರುವಂತೆ ಬಾಚುತ್ತೀರಿ. "ಡಿಟ್ಟೋ!" ಎಂದು ಕಾಲರ್ ಏರಿಸಿ ಹೊರಡುತ್ತೀರಿ. ಆದರೆ ಕನ್ನಡಿಯ ಬಲಗಡೆ ಇರುವುದು ನಿಮ್ಮ ಬಲಗಡೆಯೇ! ಹೀರೋದು ಎಡ ಬೈತಲೆ, ನಿಮ್ಮದು ಬಲ ಬೈತಲೆ. ಬಸ್ ಸ್ಟ್ಯಾಂಡಿನಲ್ಲಿ ನಿಮ್ಮನ್ನು ನೋಡುವವರಿಗೆಲ್ಲ ನೀವು ಹೀರೋ ಅಲ್ಲ, ಹೀರೋನ ಕನ್ನಡಿ ಬಿಂಬ!

ಒಂಟಿ ಕನ್ನಡಿಯಲ್ಲಿ ನಾವು ಹುಟ್ಟಿದಾಗಿನಿಂದ ನೋಡುತ್ತಿರುವ ಮುಖ ಬೇರೆ ಯಾರೂ ನೋಡಿಲ್ಲದ ಮುಖ. ಮೊಬೈಲಿನಲ್ಲಿ ಸೆಲ್ಫಿ ಹಿಡಿಯುವಾಗಲೂ ತೆರೆಯ ಮೇಲೆ ಅದೇ ಕನ್ನಡಿ ಮುಖ ಕಾಣುತ್ತದೆ. ಎಷ್ಟೋ ಫೋನುಗಳು ಫೋಟೋ ಉಳಿಸುವಾಗ ಅದನ್ನು ತಿರುಗಿಸಿ ಉಳಿಸುತ್ತವೆ. ಆಗ ಶುರು ನಮ್ಮ ಗೋಳು: "ಛೇ, ಮೂಗು ಯಾಕೋ ಸೊಟ್ಟ ಬಂತು!" ಸೊಟ್ಟವೂ ಇಲ್ಲ, ಪಟ್ಟವೂ ಇಲ್ಲ. ಊರವರು ದಿನಾ ನೋಡುವ ನಿಮ್ಮ ಮುಖವೇ ಅದು. ನಿಮಗೆ ಮಾತ್ರ ಪರಿಚಯವಿಲ್ಲ!

ಪರಿಚಯ ಮಾಡಿಕೊಳ್ಳಬೇಕೇ? ಅದೇ ಎರಡು ಕನ್ನಡಿ ಸಾಕು. ಸಂದಿಲ್ಲದ ಹಾಗೆ 90 ಡಿಗ್ರಿಗೆ ಜೋಡಿಸಿ ಮೂಲೆಯ ಗೆರೆಗೆ ಮೂಗು ನೇರ ಹಿಡಿದು ನೋಡಿ. ಬೆಳಕು ಒಂದು ಕನ್ನಡಿಯಲ್ಲಿ ಒಮ್ಮೆ ಬದಲಾಗಿ, ಎರಡನೆಯದರಲ್ಲಿ ಮತ್ತೆ ಬದಲಾಗಿ, ಕೊನೆಗೆ ಸರಿಯಾಗಿ ಬರುತ್ತದೆ. ಬಲಗೈ ಎತ್ತಿದರೆ ಆ ಮನುಷ್ಯನೂ ತನ್ನ ಬಲಗೈಯನ್ನೇ ಎತ್ತುತ್ತಾನೆ! ಅಲ್ಲಿ ಕಾಣುವುದೇ ಜನ ನೋಡುವ ನೀವು. ಆ ಕನ್ನಡಿ ನೋಡಿಕೊಂಡು ತಲೆ ಬಾಚಲು ಹೋದರೆ ಮಾತ್ರ ಕೈ ಉಲ್ಟಾ ಓಡುತ್ತದೆ. ಮೀಸೆ ಟ್ರಿಮ್ ಮಾಡುವ ಸಾಹಸಕ್ಕಂತೂ ಇಳಿಯಲೇಬೇಡಿ. ಅರ್ಧ ಮೀಸೆ ಹೋದರೆ ಪತ್ರಿಕೆ ಜವಾಬ್ದಾರಿಯಲ್ಲ!

ಸಲೂನಿನಲ್ಲಿ ಎದುರು ಬದುರು ಕನ್ನಡಿ ಹಾಕಿರುತ್ತಾರಲ್ಲ, ಅಲ್ಲಿ ಕೋನ ಸೊನ್ನೆ. ಬಿಂಬಕ್ಕೆ ಕೊನೆಯೇ ಇಲ್ಲ. ಒಮ್ಮೆ ಮುಖ, ಒಮ್ಮೆ ಬೆನ್ನು, ಸಾಲು ಸಾಲು! ಗಮನಿಸಿ ನೋಡಿ, ಆ ಸಾಲು ನೆಟ್ಟಗೆ ಹೋಗುವುದಿಲ್ಲ. ತಿರುವಿನಲ್ಲಿ ಹೋಗುವ ರೈಲಿನ ಡಬ್ಬಿಗಳ ಹಾಗೆ ಒಂದು ಕಡೆ ಬಾಗುತ್ತದೆ. ಯಾಕೆಂದರೆ ಗೋಡೆಗೆ ಹೊಡೆದ ಕನ್ನಡಿಗಳು ಪೂರ್ತಿ ಸಮಾನಾಂತರ ಇರುವುದು ಅಪರೂಪ. ಕೂದಲೆಳೆಯಷ್ಟು ಕೋನ ಇದ್ದೇ ಇರುತ್ತದೆ. ನಮ್ಮ ಹಳೇ ವೃತ್ತವೇ ಅದು, ಬಹಳ ದೊಡ್ಡದಾಗಿದೆ ಅಷ್ಟೇ. ಇನ್ನು ಸಾಮಾನ್ಯ ಕನ್ನಡಿ ಪ್ರತಿ ಸಲ ಬೆಳಕಿನಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ನುಂಗುತ್ತದೆ. ಹತ್ತು ಸಲ ಪುಟಿಯುವಷ್ಟರಲ್ಲಿ ಉಳಿಯುವುದು ಮೂರನೇ ಒಂದು ಪಾಲು ಮಾತ್ರ. ಅದಕ್ಕೇ ದೂರದ ಬಿಂಬಗಳು ಮಂಕು, ಗಾಜಿನ ದೆಸೆಯಿಂದ ಸ್ವಲ್ಪ ಹಸಿರು.

ಅನಾರ್ಕಲಿಯ ಮಹಲು

ಎರಡು ಕನ್ನಡಿಗೇ ಇಷ್ಟು ಪಾಡಾದರೆ ಸಾವಿರ ಸಾವಿರ ಚೂರಿದ್ದರೆ ಗತಿ ಏನು? ಕೆ. ಆಸಿಫ್ ಅವರ 'ಮುಘಲ್-ಎ-ಆಜಂ' (1960) ಚಿತ್ರದ ಶೀಶ್ ಮಹಲ್ ನೆನಪಿದೆಯೇ? ಮಧುಬಾಲಾ ನೆಲದ ಮೇಲೆ ಕುಣಿದರೆ ಚಾವಣಿಯ ತುಂಬ ಪುಟ್ಟ ಪುಟ್ಟ ಮಧುಬಾಲೆಯರು! ಚಾವಣಿಯ ಒಂದೊಂದು ಚೂರೂ ಬೇರೆ ಬೇರೆ ಕನ್ನಡಿ, ಒಂದೊಂದಕ್ಕೂ ಒಂದೊಂದು ವಾಲು. ಹಾಗಾಗಿ ಚೂರಿಗೊಬ್ಬಳು ಅನಾರ್ಕಲಿ.

ನೋಡಲು ಸೊಗಸು. ಛಾಯಾಗ್ರಾಹಕ ಆರ್.ಡಿ. ಮಾಥುರ್ ಅವರಿಗೆ ಮಾತ್ರ ತಲೆನೋವು. ಸ್ಟುಡಿಯೋದ ದೊಡ್ಡ ದೀಪ ಹಚ್ಚಿದರೆ ಒಂದಲ್ಲ ಒಂದು ಚೂರು ಆ ದೀಪವನ್ನು ನೇರ ಲೆನ್ಸಿಗೆ ಹೊಡೆಯುತ್ತದೆ. ಕ್ಯಾಮೆರಾ ಕುರುಡು! ಕೊನೆಗೆ ದಾರಿ ತೋರಿಸಿದ್ದು ಪುಟಿದು ಬಂದ ಮೆತ್ತನೆಯ ಬೆಳಕು. ದೀಪವನ್ನು ನೇರ ಬಿಡದೆ ಬಿಳಿ ಬಟ್ಟೆಯಂಥದರ ಮೇಲೆ ಬಿಟ್ಟರೆ ಬಟ್ಟೆಯ ಒರಟು ಮೈ ಅದನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಕನ್ನಡಿಯಲ್ಲಿ ಕಾಣುವುದು ಉರಿಯುವ ಬಲ್ಬಲ್ಲ, ತಣ್ಣನೆಯ ಹೊಳಪು.

ಮೈಸೂರಿನ ಮೂರ್ತಿ

ಇಷ್ಟು ಹೊತ್ತು ಕನ್ನಡಿಯನ್ನು ತೋರಿಸಿದವರ ಕಥೆ ಹೇಳಿದೆ. ಕನ್ನಡಿಯನ್ನು ತೋರಿಸದೆ, ಅದರ ಬೆಳಕನ್ನಷ್ಟೇ ತೋರಿಸಿ ಅಮರರಾದ ಒಬ್ಬರಿದ್ದಾರೆ. ಅವರು ನಮ್ಮವರು!

ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದವರು. ಪಿಟೀಲು ನುಡಿಸುತ್ತಿದ್ದರು. ಬೊಂಬಾಯಿಗೆ ಹೋಗಿ 'ಬಾಝಿ' (1951) ಚಿತ್ರದಲ್ಲಿ ಸಹಾಯಕರಾಗಿದ್ದಾಗ ಗುರುದತ್ ಕಣ್ಣಿಗೆ ಬಿದ್ದರು. ಗುರುದತ್ ಹುಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ, 1925ರಲ್ಲಿ. 'ಜಾಲ್'ನಿಂದ (1952) ಮುಂದೆ ಇಬ್ಬರದೂ ಬಿಡದ ಜೋಡಿ. 'ಪ್ಯಾಸಾ' (1957), 'ಕಾಗಜ್ ಕೆ ಫೂಲ್' (1959)... ಆ ಕಪ್ಪು ಬಿಳುಪಿನ ಮುಂದೆ ಎಷ್ಟೋ ಬಣ್ಣದ ಚಿತ್ರಗಳು ಮಂಕು!

'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಗೀತಾ ದತ್ ಹಾಡಿರುವ ಒಂದು ಹಾಡು. ಖಾಲಿ ಸ್ಟುಡಿಯೋ. ಗುರುದತ್ ಒಂದು ಕಡೆ, ವಹೀದಾ ರೆಹಮಾನ್ ಒಂದು ಕಡೆ. ಬಾಯಿ ಬಿಟ್ಟು ಹೇಳಲಾಗದ ಪ್ರೀತಿ. ನಡುವೆ ಕತ್ತಲನ್ನು ಸೀಳಿಕೊಂಡು ಮೇಲಿಂದ ಕೆಳಗೆ ಒಂದು ದಪ್ಪ ಬೆಳಕಿನ ಕೋಲು! ಅಷ್ಟೇ. ನೋಡಿದವರ ಎದೆಯಲ್ಲಿ ಅದು ಇಂದಿಗೂ ಆರಿಲ್ಲ.

ಆ ಬೆಳಕು ಯಾವ ದೀಪದ್ದು? ಯಾವ ದೀಪದ್ದೂ ಅಲ್ಲ. ಸೂರ್ಯನದು! ಹೊರಗಿನ ಬಿಸಿಲನ್ನು ಒಂದು ದೊಡ್ಡ ಕನ್ನಡಿ ಹಿಡಿದು ಸ್ಟುಡಿಯೋ ಒಳಕ್ಕೆ ಎಸೆಯಿತು. ಇನ್ನೊಂದು ದೊಡ್ಡ ಕನ್ನಡಿ ಅದನ್ನು ಹಿಡಿದು ಬೇಕಾದ ಕಡೆಗೆ ಇಳಿಸಿತು. ಗಾಳಿಯಲ್ಲಿ ಸ್ವಲ್ಪ ಹೊಗೆ ಇದ್ದರೆ ದಾರಿ ಕಣ್ಣಿಗೆ ಕಾಣುತ್ತದೆ. ಎರಡು ಕನ್ನಡಿ, ನಡುವೆ ಒಂದು ಕೋನ. ನಮ್ಮ ಮೇಜಿನ ಮೇಲಿನ ಆಟವೇ!

ದೀಪವನ್ನೇ ಯಾಕೆ ಹಾಕಬಾರದಿತ್ತು? ದೀಪದ ಬೆಳಕು ಬೀಸಣಿಗೆಯ ಹಾಗೆ ಅಗಲವಾಗುತ್ತಾ ಹೋಗುತ್ತದೆ. ಸೂರ್ಯ ಎಷ್ಟು ದೂರ ಇದ್ದಾನೆಂದರೆ ಅವನ ಕಿರಣಗಳು ಹೆಚ್ಚುಕಡಿಮೆ ಸಮಾನಾಂತರ, ಅರ್ಧ ಡಿಗ್ರಿ ಮಾತ್ರ ಹರಡುತ್ತವೆ. ಐವತ್ತು ಅಡಿ ಹೋದರೂ ಕೋಲು ಅಗಲವಾಗುವುದು ಬರೀ ಐದಾರು ಇಂಚು. ಕೋಲು ಕೋಲಾಗಿಯೇ ಉಳಿಯುತ್ತದೆ.

ಹೇಳಿದಷ್ಟು ಸುಲಭ ಅಂದುಕೊಳ್ಳಬೇಡಿ. ಸೂರ್ಯ "ಟೇಕ್ ಓಕೆ" ಆಗುವವರೆಗೂ ಕಾಯುವ ನಟನಲ್ಲ. ಗಂಟೆಗೆ 15 ಡಿಗ್ರಿ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಜರುಗುತ್ತಲೇ ಇರುತ್ತಾನೆ. ಒಂದು ಡಿಗ್ರಿ ಅಂದರೆ ಐವತ್ತು ಅಡಿ ದೂರದಲ್ಲಿ ಹತ್ತು ಇಂಚು! ನಾಲ್ಕು ನಿಮಿಷ ಕನ್ನಡಿಯನ್ನು ಹಾಗೇ ಬಿಟ್ಟರೆ ನಾಯಕಿಯ ಮೇಲೆ ಬಿದ್ದ ಬೆಳಕು ಅವಳ ಪಕ್ಕದ ಗಾಳಿಗೆ ಬೀಳುತ್ತದೆ. ಸರಿಪಡಿಸಲು ಹೋದರೆ ಇನ್ನೊಂದು ಫಜೀತಿ. ಕನ್ನಡಿಯನ್ನು ಒಂದು ಡಿಗ್ರಿ ತಿರುಗಿಸಿದರೆ ಬೆಳಕು ಎರಡು ಡಿಗ್ರಿ ಓಡುತ್ತದೆ. ಅದೇ ಐವತ್ತು ಅಡಿಯಲ್ಲಿ ಒಂದೂವರೆ ಅಡಿಗಿಂತ ಜಾಸ್ತಿ! ಕನ್ನಡಿ ಹಿಡಿದ ಕೈ ನಡುಗಿತೋ, ತೆರೆಯ ಮೇಲೆ ಆ ಪ್ರೀತಿಯೇ ನಡುಗಿತು.

ಚಿತ್ರ ಏನಾಯಿತು? ನೆಲಕಚ್ಚಿತು! ಆಮೇಲೆ ಗುರುದತ್ ತಮ್ಮ ಹೆಸರಿನಲ್ಲಿ ಇನ್ನೊಂದು ಚಿತ್ರ ನಿರ್ದೇಶಿಸಲೇ ಇಲ್ಲ. 1964ರಲ್ಲಿ ತೀರಿಕೊಂಡರು. ಆದರೆ ಮೂರ್ತಿಯವರಿಗೆ ಆ ಚಿತ್ರಕ್ಕೆ ಫಿಲಂಫೇರ್ ಪ್ರಶಸ್ತಿ ಬಂತು. ಮುಂದೆ 'ಸಾಹಿಬ್ ಬೀಬಿ ಔರ್ ಗುಲಾಮ್' (1962) ಚಿತ್ರಕ್ಕೂ ಬಂತು. ಕನ್ನಡದಲ್ಲಿ ರಾಜೇಂದ್ರ ಸಿಂಗ್ ಬಾಬು ಅವರ 'ಹೂವು ಹಣ್ಣು' (1993) ಚಿತ್ರಕ್ಕೆ ಕ್ಯಾಮೆರಾ ಹಿಡಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಪ್ರಶಸ್ತಿ ಪಡೆದ ಮೊಟ್ಟಮೊದಲ ಛಾಯಾಗ್ರಾಹಕ ನಮ್ಮ ಮೈಸೂರಿನವರು! 2014ರ ಏಪ್ರಿಲ್ 7ರಂದು ಬೆಂಗಳೂರಿನಲ್ಲಿ ಕಾಲವಾದರು.

ಈಗ ನೀವೇ ಹೇಳಿ. ಮೈಸೂರಿನವರು, ಬೆಂಗಳೂರಿನಲ್ಲಿ ಕಲಿತವರು, ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದವರು. ಅವರ ಮುಖ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹೀರೋ ಕಟೌಟಿಗೆ ಹಾಲು ಹಾಕುತ್ತೇವೆ, ಹಾರ ಹಾಕುತ್ತೇವೆ, ತಪ್ಪೇನಿಲ್ಲ. ಆದರೆ ಆ ಹೀರೋ ಮುಖದ ಮೇಲೆ ಬೆಳಕು ಬೀಳಿಸಿದವನ ಹೆಸರು ತೆರೆಯ ಮೇಲೆ ಬರುವ ಹೊತ್ತಿಗೆ ನಾವಿನ್ನೂ ಗೇಟಿನ ಹತ್ತಿರ ಪಾಪ್‌ಕಾರ್ನ್ ಚಿಲ್ಲರೆ ಎಣಿಸುತ್ತಿರುತ್ತೇವೆ!

ಚಿತ್ರದುರ್ಗದ ತಮ್ಮಾ, ಆ ಕೋಣೆಯಲ್ಲಿ ಎಷ್ಟು ಕನ್ನಡಿ ಎಂದು ಲೆಕ್ಕ ಹಾಕುವುದು ಬಿಡು. ಅವುಗಳನ್ನು ಸರಿಯಾದ ಕೋನಕ್ಕೆ ನಿಲ್ಲಿಸಿ, ತಾವು ಮಾತ್ರ ಒಂದರಲ್ಲೂ ಕಾಣಿಸಿಕೊಳ್ಳದೆ ಹಿಂದೆ ಉಳಿದರಲ್ಲ, ಅವರನ್ನು ನೆನೆ. ಮುಂದಿನ ಸಲ ಸಿನಿಮಾಕ್ಕೆ ಐದು ನಿಮಿಷ ಮುಂಚೆಯೇ ಹೋಗು. ತೆರೆಯ ಮೇಲೆ 'ಛಾಯಾಗ್ರಹಣ' ಎಂದು ಬಂದಾಗ ಜೋರಾಗಿ ಒಂದು ಸೀಟಿ ಹೊಡೆ. ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ. ನೋಡಲಿ ಬಿಡು. ಯಾಕೆ ಎಂದು ಕೇಳಿದರೆ ಮೂರ್ತಿಯವರ ಕಥೆ ಹೇಳು.

ಮುಂದಿನ ವಾರ ಇನ್ನೊಂದು ಕಾಗದದೊಂದಿಗೆ ಸಿಗೋಣ. ಬೈತಲೆ ಸರಿಮಾಡಿಕೊಂಡು ಬನ್ನಿ!